ಬೇಸರದ ಹಸಿವು: ಮಳೆಗಾಲ, ಬಾಯಾಡಿಸುವ ಚಟ ಮತ್ತು ಓಟಗಾರನ ತೂಕ

ಕಾರವಾರ, ಅಂಕೋಲೆಗಳ ಮಳೆಗಾಲವನ್ನು ಘಟ್ಟದ ಮೇಲಿನ ಬಂಧುಗಳಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಧಾರವಾಡ, ಗದಗ, ಹಾವೇರಿಯ ಕಡೆ ಮಳೆ ಬರುತ್ತದೆ, ಹೋಗುತ್ತದೆ. ಇಲ್ಲಿ ಅದು ಬಂದು ನೆಲೆಸುತ್ತದೆ. ವರ್ಷದಲ್ಲಿ ಸುರಿಯುವ ೩೦೦೦ ಮಿಲಿಮೀಟರಿಗೂ ಮಿಗಿಲಾದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದ್ದೇ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯಬಾರದೆಂಬ ಸರಕಾರದ ಕಟ್ಟಳೆಯೂ ಉಂಟು. ಆ ೬೧ ದಿನ ದೋಣಿಗಳು ಬಂದರಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಹಾಗೆಯೇ ಲಂಗರು ಹಾಕಿ ಮನೆಯೊಳಗೆ ಕುಳಿತಿರುವ ಇನ್ನೊಂದು ವರ್ಗವಿದೆ. ಅವರು ಕ್ರೀಡೆಗಾಗಿ, ಪೊಲೀಸ್ ಇಲ್ಲವೆ ಸೈನ್ಯದ ಭರ್ತಿಗಾಗಿ ಮೈ ಪಳಗಿಸುತ್ತಿರುವ ನಮ್ಮ ಮನೆಗಳ ತರುಣ ತರುಣಿಯರು.

ಬೇಸಿಗೆಯಲ್ಲಿ ಇವರ ದಿನಚರಿ ಸರಳ. ಬೆಳಗಿನ ಐದೂವರೆಗೆ ಕಾರವಾರದವರು ಮಾಲಾದೇವಿ ಮೈದಾನಕ್ಕೋ ರವೀಂದ್ರನಾಥ ಟಾಗೋರ್ ಕಡಲತೀರದ ಮರಳಿಗೋ ಹೋಗುತ್ತಾರೆ. ಅಂಕೋಲೆಯವರು ಜೈಹಿಂದ್ ಮೈದಾನಕ್ಕೆ, ಇಲ್ಲವೆ ಕೇಣಿಯ ದಂಡೆಗೆ. ಓಡುತ್ತಾರೆ, ಬೆವರುತ್ತಾರೆ, ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಮೈದಾನ ಕೆಸರಾಗುತ್ತದೆ, ಅಲೆಗಳು ದಂಡೆಯನ್ನು ನುಂಗುತ್ತವೆ. ಹೆದ್ದಾರಿಯ ಬದಿಯಲ್ಲಾದರೂ ಓಡೋಣವೆಂದರೆ ಅದಕ್ಕೂ ಈಗ ಮನಸ್ಸು ಹಿಂಜರಿಯುತ್ತದೆ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನು ಈ ಭಾಗದ ಯಾವ ತಾಯಿಯೂ ಮರೆತಿಲ್ಲ. ಮಳೆಯಲ್ಲಿ ಮಗನನ್ನು ರಸ್ತೆಗೆ ಕಳುಹಿಸಲು ಆಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹೀಗೆ ಓಟ ನಿಲ್ಲುತ್ತದೆ, ತೂಕ ಇಳಿಸಬೇಕೆಂಬ ಸಂಕಲ್ಪ ಮಾತ್ರ ನಿಲ್ಲುವುದಿಲ್ಲ. ಕೈಗೆ ಕೆಲಸವಿಲ್ಲದ ಮಧ್ಯಾಹ್ನ ಬರುತ್ತದೆ. ಅಡುಗೆಮನೆಯ ನಾಗೊಂದಿಗೆಯ ಮೇಲೆ ಡಬ್ಬಿಗಳಿರುತ್ತವೆ.

ಹಿಂದಿನ ಶ್ರಾವಣದಲ್ಲಿ ಪ್ರವಚನ ಮುಗಿದ ಬಳಿಕ ಅಂಕೋಲೆಯ ತಾಯಿಯೊಬ್ಬರು ನನ್ನನ್ನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಮೂಲತಃ ಧಾರವಾಡದ ಕಡೆಯ ಮನೆತನ, ನೌಕರಿಯ ನಿಮಿತ್ತ ಕರಾವಳಿಗೆ ಇಳಿದವರು. “ಶಾಸ್ತ್ರಿಗಳ, ಊಟಕ್ಕ ಬಾ ಅಂದ್ರ ಒಲ್ಲೆ ಅಂತಾನ್ರಿ, ತೂಕ ಇಳಸಬೇಕಂತ. ಮಧ್ಯಾಹ್ನ ಆತಂದ್ರ ಡಬ್ಬಿ ಮುಚ್ಚಳ ಹಾಕೂದ ಇಲ್ರಿ. ಇವಗ ಹಸಿವ್ಯೋ, ಚಟಾನೋ?” ಪ್ರಶ್ನೆ ಚಿಕ್ಕದು. ಆದರೆ ೧೬೦೦ ಮೀಟರ್ ಓಟದಲ್ಲಿ ಕೆಲವೇ ಸೆಕೆಂಡುಗಳ ಅಂತರದಿಂದ ಭರ್ತಿಯ ಅವಕಾಶ ತಪ್ಪಿ, ಒಂದು ವರ್ಷ ಕಾದು, ವಯೋಮಿತಿ ಮೀರುವ ಅಂಚಿಗೆ ಬಂದ ಹುಡುಗನ ಮನೆಯಲ್ಲಿ ಅದು ಚಿಕ್ಕದಲ್ಲ. ಆತನ ಮೈಯ ಮೇಲಿನ ನಾಲ್ಕೈದು ಕಿಲೋ ಹೆಚ್ಚಿನ ಭಾರ ಆ ಮನೆಗೆ ಒಂದು ಸಂಬಳದ ಪ್ರಶ್ನೆ.

ಬೇಸರದಿಂದ ಬಾಯಾಡಿಸುವುದನ್ನು ಜಿಹ್ವಾಚಾಪಲ್ಯವೆಂದು ಕರೆದು ಉಪದೇಶ ಮಾಡಿ ಮುಗಿಸುವುದು ನಮ್ಮಂಥವರಿಗೆ ಸುಲಭ. ಆ ಉಪದೇಶದಿಂದ ಒಂದು ಚಕ್ಕಲಿಯೂ ಉಳಿದದ್ದನ್ನು ನಾನು ಕಂಡಿಲ್ಲ. ಮೊದಲು ಬೇಸರವೆಂದರೇನು ಎಂಬುದನ್ನು ತಿಳಿಯಬೇಕು. ಬೇಸರವು ವಿಶ್ರಾಂತಿಯಲ್ಲ. ದಣಿದವನು ಮಲಗುತ್ತಾನೆ, ಬೇಸತ್ತವನಿಗೆ ನಿದ್ದೆಯೂ ಹತ್ತುವುದಿಲ್ಲ, ಕೆಲಸವೂ ಸೇರುವುದಿಲ್ಲ. ಮನಸ್ಸು ಯಾವುದಾದರೊಂದು ಅನುಭವಕ್ಕಾಗಿ ತಡಕಾಡುತ್ತಿರುತ್ತದೆ, ಅದು ಸುಖದ್ದೇ ಆಗಬೇಕೆಂಬ ನಿಯಮವೂ ಇಲ್ಲ. ಅಮೆರಿಕೆಯ ಮನಶ್ಶಾಸ್ತ್ರಜ್ಞರು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಮಾತಿಗೆ ವಿಚಿತ್ರ ಸಾಕ್ಷಿ. ಜನರನ್ನು ಒಬ್ಬೊಬ್ಬರನ್ನಾಗಿ ಬರಿಯ ಕೋಣೆಯಲ್ಲಿ ಹದಿನೈದು ನಿಮಿಷ ಸುಮ್ಮನೆ ಕೂರಿಸಿದರು. ಅಲ್ಲಿದ್ದದ್ದು ಒಂದು ಗುಂಡಿ ಮಾತ್ರ. ಒತ್ತಿದರೆ ಮೈಗೆ ವಿದ್ಯುತ್ತಿನ ಚುರುಕು ಮುಟ್ಟುತ್ತದೆ. ಅದು ನೋವೆಂಬುದನ್ನು ಮೊದಲೇ ಅನುಭವಿಸಿ, ಬೇಡವೆಂದು ಹೇಳಿದ್ದವರೇ ಅವರೆಲ್ಲ. ಆದರೂ ೧೮ ಗಂಡಸರಲ್ಲಿ ೧೨ ಮಂದಿ, ೨೪ ಹೆಂಗಸರಲ್ಲಿ ೬ ಮಂದಿ ತಾವಾಗಿಯೇ ಗುಂಡಿ ಒತ್ತಿಕೊಂಡರು. ಏನೂ ಇಲ್ಲದ ಹದಿನೈದು ನಿಮಿಷ ಕಳೆಯಲಾರದೆ ನೋವನ್ನಾದರೂ ಆರಿಸಿಕೊಳ್ಳುವ ಮನಸ್ಸು, ಕೈಗೆಟಕುವಲ್ಲಿ ಕೊಡಬಳೆ ಇದ್ದರೆ ಬಿಟ್ಟೀತೆ?

ಇದು ದಪ್ಪ ಮೈಯವರ ದೌರ್ಬಲ್ಯವೆಂದು ತಿಳಿಯುವುದೂ ತಪ್ಪು. ೧೯೭೭ರಷ್ಟು ಹಿಂದೆಯೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೇಸರ ಹುಟ್ಟಿಸುವ ಕೆಲಸ ಕೊಟ್ಟಾಗ ಸ್ಥೂಲದೇಹಿಗಳೂ ಸಾಮಾನ್ಯ ಮೈಕಟ್ಟಿನವರೂ ಇಬ್ಬರೂ ಹೆಚ್ಚಾಗಿ ತಿಂದರು. ಕ್ರೀಡಾಪಟುವಿಗೆ ಈ ಕಷ್ಟ ಒಂದು ತೂಕ ಹೆಚ್ಚೇ. ಪ್ರತಿದಿನ ಓಟದಲ್ಲಿ ಮೈಮನಗಳನ್ನು ದುಡಿಸಿ ರೂಢಿಯಾದವನಿಗೆ ಅದು ತಟ್ಟನೆ ನಿಂತರೆ ಉಂಟಾಗುವ ಬರಿದುತನ, ಎಂದೂ ಓಡದವನಿಗೆ ಉಂಟಾಗುವುದಿಲ್ಲ. ಹೊಟ್ಟೆಯಾದರೂ ಓಡುತ್ತಿದ್ದ ದಿನಗಳ ಅಳತೆಯನ್ನೇ ಕೇಳುತ್ತಿರುತ್ತದೆ.

ಇನ್ನು ನಮ್ಮ ಮನೆಗಳ ಡಬ್ಬಿಯ ವಿಚಾರ. ಕರಾವಳಿಯ ಗೃಹಿಣಿ ಬೇಸಿಗೆಯಲ್ಲಿಯೇ ಹಲಸಿನ ಹಪ್ಪಳ, ಸಂಡಿಗೆಗಳನ್ನು ಬಿಸಿಲಿಗೆ ಹರವಿ, ಒಣಗಿಸಿ, ಮಳೆಗಾಲಕ್ಕೆಂದು ಎತ್ತಿಡುತ್ತಾಳೆ. ಮಳೆ ಹೊಯ್ಯುವಾಗ ಹಪ್ಪಳ ಕರಿಯುವ ವಾಸನೆಗೆ ಸೋಲದವನು ಸಂನ್ಯಾಸಿಯೂ ಅಲ್ಲ. ಘಟ್ಟದ ಮೇಲಿಂದ ಬಂದ ನಮ್ಮ ಮನೆತನಗಳಾದರೋ ತಮ್ಮ ಡಬ್ಬಿಗಳನ್ನೂ ಜೊತೆಗೆ ತಂದಿವೆ. ಅವುಗಳಲ್ಲಿ ಚುರಮುರಿ ಚೂಡಾ, ಚಕ್ಕಲಿ, ಕರ್ಚಿಕಾಯಿ. ಮಳೆಯ ನಡುಮಧ್ಯದಲ್ಲಿಯೇ ನಾಗಪಂಚಮಿ ಬರುತ್ತದೆ. ಪಂಚಮಿಯ ಉಂಡಿಗಳೆಂದರೆ ಒಂದು ಬಗೆಯವೆ? ಶೇಂಗಾ, ಎಳ್ಳು, ಬೇಸನ್, ರವೆ, ಪುಟಾಣಿ, ಅಳ್ಳು. ತವರಿನಿಂದ ಬಂದವು, ನೆರೆಯವರು ಕೊಟ್ಟವು. ಹಬ್ಬ ಒಂದೆರಡು ದಿನದ್ದು, ಡಬ್ಬಿ ಒಂದು ತಿಂಗಳಿನದು. ಅಂಕೋಲೆಯ ಗೋಡಂಬಿಯೂ ಕೆಲವು ಮನೆಗಳಲ್ಲಿ ಗಾಜಿನ ಭರಣಿಯಲ್ಲಿ ಕಣ್ಣಿಗೆ ಬೀಳುವಂತೆಯೇ ಇರುತ್ತದೆ.

ಇವು ಯಾವುವೂ ಕೆಟ್ಟ ಪದಾರ್ಥಗಳಲ್ಲ. ಶೇಂಗಾ, ಎಳ್ಳು, ಬೆಲ್ಲ, ಗೋಡಂಬಿ ಒಳ್ಳೆಯ ಆಹಾರಗಳೇ. ಆದರೆ ಅವುಗಳ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ೭೦ ಕಿಲೋ ತೂಕದವನು ಒಂದು ಕಿಲೋಮೀಟರ್ ಓಡಿದರೆ ಸುಮಾರು ೭೦ ಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಅಂದರೆ ಭರ್ತಿಯ ಆ ೧೬೦೦ ಮೀಟರ್ ಓಟಕ್ಕೆ ೧೧೨ರಷ್ಟು. ಒಂದು ಹಿಡಿ, ಎಂದರೆ ೩೦ ಗ್ರಾಂ ಗೋಡಂಬಿಯಲ್ಲಿ ೧೬೫ರ ಆಸುಪಾಸು ಇರುತ್ತದೆ. ೪೦ ಗ್ರಾಂ ತೂಗುವ ಶೇಂಗಾ ಉಂಡೆಯಲ್ಲಿ ೨೦೦ಕ್ಕೆ ಹತ್ತಿರ. ಉಸಿರು ಕಟ್ಟಿ ಓಡಿದ ಓಟವನ್ನು ಒಂದು ಉಂಡೆ ಎರಡು ನಿಮಿಷದಲ್ಲಿ ಅಳಿಸಿ, ಮೇಲೆ ಸಾಲವನ್ನೂ ಹೊರಿಸುತ್ತದೆ. ಕರಿದ ತಿಂಡಿಗಳ ಮಾತು ಬೇರೆಯೇ. ಅವು ಹೀರಿಕೊಂಡ ಎಣ್ಣೆ ಪ್ರತಿ ಗ್ರಾಮಿಗೆ ೯ ಕ್ಯಾಲೊರಿಯಂತೆ ಲೆಕ್ಕಕ್ಕೆ ಬರುತ್ತದೆ. ಹಪ್ಪಳ, ಚೂಡಾಗಳ ಉಪ್ಪೂ ಕಡಮೆಯೇನಲ್ಲ. ೧೯೩೦ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ನಿಂತು ಉಪ್ಪನ್ನು ನಿಂದಿಸುವುದು ನನಗೂ ಸರಿಬಾರದು. ಆದರೆ ದಿನವೊಂದಕ್ಕೆ ೫ ಗ್ರಾಮಿನ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆಚ್ಚು ಉಪ್ಪು ತಿಂದ ಮರುದಿನ ಮೈಯಲ್ಲಿ ನೀರು ನಿಂತು ತಕ್ಕಡಿಯ ಮುಳ್ಳು ಮೇಲೇರಿದರೆ, ಕೊಬ್ಬು ಬೆಳೆಯಿತೆಂದು ಗಾಬರಿಯಾಗಬೇಕಾಗಿಲ್ಲ.

ಈ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಅದೇ. ಕ್ರೀಡಾಪಟು ತನ್ನ ಸ್ನಾಯುಬಲ ಕುಂದದಂತೆ ತೂಕ ಇಳಿಸಿಕೊಳ್ಳಲು ವಾರಕ್ಕೆ ಮೈತೂಕದ ಶೇಕಡಾ ೦.೭ರಷ್ಟು ವೇಗ ಹಿತವೆಂದು ನಾರ್ವೆಯ ಆಟಗಾರರ ಮೇಲೆ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದರ ಇಮ್ಮಡಿ ವೇಗದಲ್ಲಿ ಇಳಿಸಿಕೊಂಡವರ ಸ್ನಾಯು ಬೆಳೆಯಲಿಲ್ಲ. ನಿಧಾನವಾಗಿ ಇಳಿಸಿಕೊಂಡವರು ತೂಕ ಕಳೆದುಕೊಳ್ಳುತ್ತಲೇ ಸ್ನಾಯುವನ್ನು ಗಳಿಸಿದರು. ೭೦ ಕಿಲೋ ತೂಕದವನಿಗೆ ಇದು ವಾರಕ್ಕೆ ಸುಮಾರು ಅರ್ಧ ಕಿಲೋ. ಒಂದು ಕಿಲೋ ಕೊಬ್ಬಿನಲ್ಲಿ ಹೆಚ್ಚುಕಡಮೆ ೭೭೦೦ ಕ್ಯಾಲೊರಿ ಅಡಗಿರುವುದರಿಂದ ದಿನಕ್ಕೆ ಐನೂರು ಚಿಲ್ಲರೆ ಕ್ಯಾಲೊರಿ ಕಡಮೆಯಾದರೆ ಸಾಕು. ಈಗ ಮಧ್ಯಾಹ್ನದ ಡಬ್ಬಿಯನ್ನು ನೆನೆಯಿರಿ. ಎರಡು ಶೇಂಗಾ ಉಂಡೆ, ಒಂದು ಹಿಡಿ ಗೋಡಂಬಿ, ಕೂಡಿಸಿದರೆ ೫೬೫. ತೂಕ ಏರದೆ ಇಳಿಯದೆ ನಿಂತಿರುವ ಹುಡುಗ ಇಳಿಸಬೇಕಾದ ಲೆಕ್ಕ ಪೂರ್ತಿಯಾಗಿ ಆ ಡಬ್ಬಿಯಲ್ಲಿಯೇ ಇದೆ. ಆತನ ತಟ್ಟೆಯಿಂದ ಒಂದು ರೊಟ್ಟಿಯನ್ನೂ ತೆಗೆಯಬೇಕಾಗಿಲ್ಲ.

ಆದರೆ ನಮ್ಮ ತರುಣರು ಮಾಡುವುದು ಇದಕ್ಕೆ ತದ್ವಿರುದ್ಧ. ಊಟ ಬಿಡುತ್ತಾರೆ, ಡಬ್ಬಿಯನ್ನು ಹಿಡಿಯುತ್ತಾರೆ. ಬೆಳಿಗ್ಗೆ ಬರಿ ಚಹಾ, ಮಧ್ಯಾಹ್ನ ಅರ್ಧ ರೊಟ್ಟಿ. ತಾನು ಮಹಾ ವ್ರತಸ್ಥನೆಂಬ ಸಮಾಧಾನ. ನಾಲ್ಕು ಗಂಟೆಗೆ ನಿಜವಾದ ಹಸಿವೂ ಬೇಸರವೂ ಒಟ್ಟಿಗೆ ಬಂದು ಎರಗುತ್ತವೆ. ಆಗ ತಿಂದದ್ದಕ್ಕೆ ಎಣಿಕೆಯಿಲ್ಲ. ರಾತ್ರಿ ಪಶ್ಚಾತ್ತಾಪ, ಮರುದಿನ ಮತ್ತೆ ಉಪವಾಸ. ಅಂಕೋಲೆಯ ಆ ತಾಯಿಯ ಪ್ರಶ್ನೆಗೆ ಉತ್ತರವೂ ಇದೇ. ಅವರ ಮಗನದು ಹಸಿವೂ ಹೌದು, ಚಟವೂ ಹೌದು. ಹಸಿವಿಗೆ ತಟ್ಟೆಯಲ್ಲಿ ಉತ್ತರ ಸಿಗದಿದ್ದುದರಿಂದ ಚಟ ಬಲವಾಯಿತು.

ಉಪವಾಸದಿಂದ ಮನಸ್ಸು ಅನ್ನದಿಂದ ದೂರ ಸರಿಯುತ್ತದೆಂದು ಭಾವಿಸುವವರು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪–೪೫ರಲ್ಲಿ, ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗವನ್ನು ತಿಳಿಯಬೇಕು. ೩೬ ಮಂದಿ ಆರೋಗ್ಯವಂತ ತರುಣರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು, ಅದರೊಂದಿಗೆ ವಾರವಾರವೂ ಮೈಲುಗಟ್ಟಲೆ ನಡೆಯುತ್ತಿದ್ದರು. ಮೈತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಆದರೆ ಅವರ ಮಾತು, ಕನಸು, ಓದು ಎಲ್ಲವೂ ಊಟದ ಸುತ್ತಲೇ ತಿರುಗತೊಡಗಿದವು. ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದಿದವರಿದ್ದರು. ಉತ್ಸಾಹ ಬತ್ತಿತು, ಸಿಡುಕು ಹೆಚ್ಚಿತು. ಪ್ರಯೋಗ ಮುಗಿದು ಊಟ ಸಿಕ್ಕಾಗ ಕೆಲವರಿಗೆ ಎಷ್ಟು ಉಂಡರೂ ತೃಪ್ತಿಯಿರಲಿಲ್ಲ. ಮೈದಾನದಲ್ಲಿ ಬೆವರಿಳಿಸುವ ಹುಡುಗನನ್ನು ಅರೆಹೊಟ್ಟೆಯಲ್ಲಿ ಇಟ್ಟರೆ ಡಬ್ಬಿಯ ನೆನಪು ಹೆಚ್ಚುತ್ತದೆಯೇ ಹೊರತು ಕಡಮೆಯಾಗದು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಈ ವಿಷಯವಾಗಿಯೇ ವೈದ್ಯರ ಎಚ್ಚರಿಕೆಯನ್ನು ಪ್ರಕಟಿಸಿತು. ದುಡಿಮೆಗೆ ತಕ್ಕ ಆಹಾರ ದೊರೆಯದ ಕ್ರೀಡಾಪಟುವಿನ ಮೂಳೆ ಸವೆಯುತ್ತದೆ, ರೋಗನಿರೋಧಶಕ್ತಿ ಕುಂದುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪುವುದು ಇದರ ಮೊದಲ ಸೂಚನೆಗಳಲ್ಲೊಂದು. ನಾಚಿಕೆಯಿಂದ ಮಗಳು ಹೇಳದಿರಬಹುದು. ತಾಯಿ ಕೇಳಬೇಕು, ಕೇಳಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇನ್ನೂ ಬೆಳೆಯುತ್ತಿರುವ ಹದಿನೆಂಟರೊಳಗಿನ ಮಕ್ಕಳು ವೈದ್ಯರ ಸಲಹೆಯಿಲ್ಲದೆ ತೂಕ ಇಳಿಸುವ ಗೊಡವೆಗೇ ಹೋಗಬಾರದು.

ತೂಕದ ಮಾತು ಬಂದಾಗ ೨೦೨೪ರ ಆಗಸ್ಟ್ ೭ರಂದು ಪ್ಯಾರಿಸ್ಸಿನಲ್ಲಿ ನಡೆದುದನ್ನು ಯಾರು ಮರೆತಾರು? ೫೦ ಕಿಲೋ ವಿಭಾಗದ ಅಂತಿಮ ಕುಸ್ತಿಯ ದಿನ ಬೆಳಿಗ್ಗೆ ವಿನೇಶ್ ಫೋಗಟ್ ಅವರ ತೂಕ ೧೦೦ ಗ್ರಾಂ ಹೆಚ್ಚಾಗಿ ಕಂಡಿತು, ಪದಕ ಕೈತಪ್ಪಿತು. ಅಂದಿನಿಂದ ನಮ್ಮ ಎಷ್ಟೋ ಮಕ್ಕಳು ತಕ್ಕಡಿಯನ್ನು ಯಮನೆಂದು ಭಾವಿಸಿದ್ದಾರೆ. ಆದರೆ ಅದು ತೂಕದ ವಿಭಾಗಗಳಿರುವ ಕುಸ್ತಿಯ ನಿಯಮ. ಆಡುವ ದಿನ ನಿಗದಿತ ಗ್ರಾಮಿನೊಳಗೆ ಇರಬೇಕಾದ ಅಗತ್ಯ ಓಟಗಾರನಿಗಿಲ್ಲ, ಕಬಡ್ಡಿಯಲ್ಲಿ ಕೆಲವು ವಿಭಾಗಗಳಿಗೆ ಮಾತ್ರ. ರಾತ್ರಿಯೆಲ್ಲ ಬೆವರಿಳಿಸಿ, ನೀರು ಬಿಟ್ಟು ತೂಕ ಇಳಿಸುವುದು ವೈದ್ಯರ, ತರಬೇತುದಾರರ ಕಣ್ಣೆದುರಿನಲ್ಲಿಯೂ ಅಪಾಯಕರವಾದದ್ದು. ಅಂಕೋಲೆಯ ಮನೆಯೊಂದರಲ್ಲಿ ಮೊಬೈಲಿನಲ್ಲಿ ನೋಡಿ ಅನುಕರಿಸತಕ್ಕದ್ದಲ್ಲ.

ಹಾಗಾದರೆ ನಿಜವಾದ ಹಸಿವನ್ನೂ ಬೇಸರದ ಹಸಿವನ್ನೂ ಬೇರ್ಪಡಿಸುವುದು ಹೇಗೆ? ಹಿರಿಯ ತಾಯಂದಿರಿಗೆ ಇದು ಗೊತ್ತು. ನಿಜವಾದ ಹಸಿವು ಮೆಲ್ಲಗೆ ಏರುತ್ತದೆ, ತಂಗಳ ರೊಟ್ಟಿ, ಮಜ್ಜಿಗೆ ಕೊಟ್ಟರೂ ಬೇಡವೆನ್ನುವುದಿಲ್ಲ. ಬೇಸರದ ಹಸಿವು ತಟಕ್ಕನೆ ಹುಟ್ಟುತ್ತದೆ, ಹೆಸರು ಹಿಡಿದು ಕೇಳುತ್ತದೆ. ಅದಕ್ಕೆ ಚಕ್ಕಲಿಯೇ ಬೇಕು, ಹಪ್ಪಳವೇ ಬೇಕು. “ರೊಟ್ಟಿ ಪಲ್ಯ ಹಾಕಿಕೊಡಲೇನಪಾ?” ಎಂದು ತಾಯಿ ಕೇಳಿದಾಗ ಮಗ “ಹ್ಞೂಂ” ಎಂದರೆ ಅದು ಹಸಿವು, ಆಗ ಕೊಡಬೇಕು, ಅದು ನಾಲ್ಕು ಗಂಟೆಯೇ ಆಗಿರಲಿ, ತೂಕದ ಮಾತು ಎತ್ತಬಾರದು. “ಬ್ಯಾಡವ್ವಾ, ಅದು ಬ್ಯಾಡ” ಎಂದು ಕಣ್ಣು ಡಬ್ಬಿಯ ಕಡೆ ಹೊರಳಿದರೆ ಅದು ಬೇಸರ. ಇದಕ್ಕಿಂತ ಸೂಕ್ಷ್ಮವಾದ ಯಂತ್ರ ನನಗೆ ತಿಳಿದಿಲ್ಲ. ಎಷ್ಟೋ ಸಲ ಅದು ಬಾಯಾರಿಕೆಯೂ ಆಗಿರುತ್ತದೆ. ಮಳೆಗಾಲದಲ್ಲಿ ನೀರು ಕುಡಿಯುವುದೇ ಕಡಮೆ. ಒಂದು ಲೋಟ ನೀರೋ ಸಕ್ಕರೆಯಿಲ್ಲದ ಮುರುಗಲ ಹುಳಿಯ ಪಾನಕವೋ ಕುಡಿದು ಹತ್ತು ನಿಮಿಷ ಕಾದರೆ ತಿಳಿಯುತ್ತದೆ.

ನಾನು ಬೆಳೆದದ್ದು ಮಠದ ಪ್ರಸಾದನಿಲಯದಲ್ಲಿ. ಎರಡು ಹೊತ್ತಿನ ಪ್ರಸಾದ, ಗಂಟೆ ಬಾರಿಸಿದಾಗ ಸಾಲು; ರೊಟ್ಟಿ, ಕಾಳಿನ ಪಲ್ಯ, ನುಚ್ಚು, ಮಜ್ಜಿಗೆ, ಬೇಡಿದಷ್ಟು. ನಡುವೆ ಏನೂ ಇಲ್ಲ. ನಮಗೆ ಬೇಸರವಿರಲಿಲ್ಲವೆ? ಶ್ರಾವಣದ ಜಡಿಮಳೆಯಲ್ಲಿ ವ್ಯಾಕರಣ ಬಾಯಿಪಾಠ ಮಾಡುವ ಬಾಲಕರ ಬೇಸರಕ್ಕೆ ಸಮನಾದುದು ಲೋಕದಲ್ಲಿ ಇನ್ನೊಂದಿರಲಾರದು. ಆದರೂ ಯಾರೂ ಬಾಯಾಡಿಸುತ್ತಿರಲಿಲ್ಲ. ಅದನ್ನು ಮಠದ ಮಕ್ಕಳ ಸಂಯಮವೆಂದು ಇಂದಿಗೂ ಕೆಲವರು ಕೊಂಡಾಡುತ್ತಾರೆ. ಅದು ಸಂಯಮವಲ್ಲ, ಉಗ್ರಾಣದ ಬೀಗ. ಕೀಲಿಕೈ ಹಿರಿಯರ ಸೊಂಟದಲ್ಲಿತ್ತು. ಹೊಟ್ಟೆ ತುಂಬ ಉಂಡಿರುತ್ತಿದ್ದೆವು, ಕಣ್ಣಿಗೆ ತಿಂಡಿ ಕಾಣುತ್ತಿರಲಿಲ್ಲ, ಅಷ್ಟೆ. ಮನೆಯಲ್ಲಿಯೂ ಆಗಬೇಕಾದದ್ದು ಇದೇ. ಬೀಗ ಹಾಕಿ ಮಗನನ್ನು ಕಳ್ಳನಂತೆ ಕಾಣಬೇಕಾಗಿಲ್ಲ. ಡಬ್ಬಿಗಳನ್ನು ಕಣ್ಣಿಗೆ ಬೀಳದ ಮೇಲಿನ ಅಟ್ಟಕ್ಕೆ ಏರಿಸಿ, ಕೆಳಗಿನ ನಾಗೊಂದಿಗೆಯಲ್ಲಿ ಪುಟಾಣಿ, ಬಾಳೆಹಣ್ಣು, ಮೊಳಕೆ ಬರಿಸಿದ ಹೆಸರು, ಮಡಿಕೆ ಕಾಳುಗಳನ್ನು ಇಡಿ. ಏಣಿ ಹಾಕಿ ಇಳಿಸಿಕೊಳ್ಳುವಷ್ಟು ನಿಜವಾದ ಆಸೆಯಿದ್ದರೆ ಒಂದು ಉಂಡೆ ತಿನ್ನಲಿ, ಅದರಿಂದ ಮುಳುಗುವುದೇನೂ ಇಲ್ಲ.

ಡಬ್ಬಿಯೊಳಗೇ ಕೈ ಹಾಕಿ ತಿನ್ನುವುದನ್ನು ಮಾತ್ರ ನಿಲ್ಲಿಸಲೇಬೇಕು. ಬಟ್ಟಲಿಗೆ ಹಾಕಿಕೊಂಡು, ಕುಳಿತು, ಮೊಬೈಲನ್ನು ಆಚೆಗಿಟ್ಟು ತಿನ್ನುವುದು ಮನೆಯ ನಿಯಮವಾಗಲಿ. ಕಣ್ಣು ಪರದೆಯಲ್ಲಿದ್ದರೆ ಕೈ ಎಷ್ಟು ಸಲ ಬಾಯಿಗೆ ಹೋಯಿತೆಂಬುದು ತಿನ್ನುವವನಿಗೇ ತಿಳಿಯದು. ನಮ್ಮ ಮನೆಗಳಲ್ಲಿ ಇಷ್ಟಲಿಂಗಕ್ಕೆ ಅರ್ಪಿಸದೆ ಏನನ್ನೂ ಸ್ವೀಕರಿಸಬಾರದೆಂಬ ಹಿರಿಯರ ಆಚಾರವಿದೆ. ಅದರ ತಾತ್ತ್ವಿಕ ಅರ್ಥವನ್ನು ಇಲ್ಲಿ ವಿವರಿಸಲು ಹೊರಟಿಲ್ಲ. ಕೈಗೂ ಬಾಯಿಗೂ ನಡುವೆ ಅದು ಒಂದು ಗಳಿಗೆಯ ನಿಲುಗಡೆಯನ್ನು ತರುತ್ತದೆ ಎಂಬುದಷ್ಟನ್ನೇ ಗಮನಿಸಬೇಕು. ಬೇಸರದ ತಿಂಡಿಗೆ ಆ ಒಂದು ಗಳಿಗೆ ತಾಳುವ ಶಕ್ತಿಯಿರುವುದಿಲ್ಲ. ಆದರೆ ಪ್ರಸಾದವನ್ನು ಬಿಡಬಾರದೆಂಬ ಇನ್ನೊಂದು ಮಾತನ್ನು ಹಿಡಿದು, ಬೇಡವೆಂದರೂ ತಟ್ಟೆಗೆ ಬಡಿಸಿ ಒತ್ತಾಯಿಸುವ ಅಜ್ಜಿಯರೂ ಇದ್ದಾರೆ. ಬಿಡಬಾರದೆಂದರೆ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದೇ ಅರ್ಥ. ಸಾಲಿನಲ್ಲಿ ನಮಗೆ ಕಲಿಸಿದ್ದು ಅದನ್ನೇ.

ಊಟ ಮಾತ್ರ ಗಟ್ಟಿಯಾಗಿರಲಿ. ಬೆಳಿಗ್ಗೆ ಬರಿಯ ಅವಲಕ್ಕಿ, ಉಪ್ಪಿಟ್ಟಿನಿಂದ ಹುಡುಗನ ಹೊಟ್ಟೆ ಹನ್ನೊಂದಕ್ಕೇ ಬರಿದಾಗುತ್ತದೆ. ಅದರೊಂದಿಗೆ ಒಂದು ಬಟ್ಟಲು ಮೊಳಕೆ ಕಾಳು ಇಲ್ಲವೆ ಗಟ್ಟಿ ಮೊಸರು ಇದ್ದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಸಸ್ಯಾಹಾರಿಗಳಾದ ನಮ್ಮಲ್ಲಿ ಸ್ನಾಯುವಿಗೆ ಬೇಕಾದ ಸಸಾರಜನಕ ಬರುವುದು ಬೇಳೆ, ಕಾಳು, ಹಾಲು, ಮೊಸರುಗಳಿಂದ. ತೂಕ ಇಳಿಸುವ ದಿನಗಳಲ್ಲಿ ಅದು ಹೆಚ್ಚಬೇಕೇ ವಿನಾ ತಗ್ಗಬಾರದು. ಹುರುಳಿಕಟ್ಟಿನ ಸಾರು ಮಳೆಗಾಲಕ್ಕೆ ಹೇಳಿಮಾಡಿಸಿದ್ದು. ಸಂಜೆ ಏನಾದರೂ ಕುರುಕಲು ಬೇಕೇ ಬೇಕೆಂದರೆ ಚುರಮುರಿಯನ್ನು ಉಳ್ಳಾಗಡ್ಡಿ, ಸೌತೆಕಾಯಿ, ಲಿಂಬೆರಸ ಹಾಕಿ ಎಣ್ಣೆಯಿಲ್ಲದೆ ಕಲಸಬಹುದು. ೨೫ ಗ್ರಾಂ ಚುರಮುರಿ ದೊಡ್ಡ ಬಟ್ಟಲು ತುಂಬುತ್ತದೆ, ನೂರು ಕ್ಯಾಲೊರಿಯ ಒಳಗೇ ಇರುತ್ತದೆ. ಪುಡಿಕೆಯಲ್ಲಿ ಬರುವ ಅಂಗಡಿಯ ತಿಂಡಿಗಳ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕೆಯಲ್ಲಿ ೨೦ ಮಂದಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ಖಾನೆಯ ಸಿದ್ಧ ಆಹಾರ ಕೊಟ್ಟ ಎರಡು ವಾರ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಹೆಚ್ಚಾಗಿ ತಿಂದರು. ಮನೆಯ ಚಕ್ಕಲಿ ಅದಕ್ಕಿಂತ ಮೇಲು. ಮಾಡಿದವಳ ದಣಿವಾದರೂ ತಿನ್ನುವವನ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಬೇಸರ ಉಳಿದೇ ಇರುತ್ತದೆ, ಏಕೆಂದರೆ ಅದು ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಮೂರರಿಂದ ಐದು ಗಂಟೆಯ ನಡುವಿನ ಕಾಲಕ್ಕೆ ಒಂದು ಕೆಲಸ ಬೇಕು, ಅದೂ ಕೈಗಳನ್ನು ಹಿಡಿದಿಡುವಂಥದು. ಓಟಕ್ಕೆ ಬದಲಾಗಿ ಪಡಸಾಲೆಯಲ್ಲಿಯೇ ಸೂರ್ಯನಮಸ್ಕಾರ, ಬೈಠಕ್, ದಂಡ, ಹಗ್ಗದ ಜಿಗಿತಗಳನ್ನು ಈ ಹೊತ್ತಿಗೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಗರಡಿಮನೆಗಳ ಪೈಲವಾನರು ದೇಹ ಬೆಳೆಸಿದ್ದು ನಾಲ್ಕು ಗೋಡೆಗಳ ಒಳಗೇ. ಬೆಳಗಿನ ಜಾವವೇ ಮಾಡಬೇಕೆಂಬ ಹಟ ಮಳೆಗಾಲದಲ್ಲಿ ಬೇಡ. ಯಾವ ಹೊತ್ತಿನಲ್ಲಿ ಕೈ ಡಬ್ಬಿಗೆ ಹೋಗುತ್ತದೋ ಆ ಹೊತ್ತೇ ಕಸರತ್ತಿನ ಹೊತ್ತಾಗಲಿ. ಕಸರತ್ತು ಆದ ಗಂಟೆಯೊಳಗೆ ಕೂತು ಉಣ್ಣಲಿ. ಭರ್ತಿಗೆ ಲಿಖಿತ ಪರೀಕ್ಷೆಯೂ ಇರುವವರು ಓದುವ ಹೊತ್ತನ್ನು ಊಟವಾದ ಮೇಲಿನ ಮಬ್ಬಿಗೆ ತಳ್ಳದೆ ಬೆಳಿಗ್ಗೆಗೆ ತರಬಹುದು. ೧೮೮೩ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿಯಲು ಕಾರವಾರಕ್ಕೆ ಬಂದ ಇಪ್ಪತ್ತೆರಡರ ರವೀಂದ್ರನಾಥರು ಇಲ್ಲಿ ಕುಳಿತು ಒಂದು ನಾಟಕವನ್ನೇ ಬರೆದರು. ಎಲ್ಲರಿಗೂ ನಾಟಕ ಒಲಿಯದು. ಹೂ ಕಟ್ಟುವುದು, ಕಾಳು ಹಸನು ಮಾಡುವುದು, ತಮ್ಮನಿಗೆ ಲೆಕ್ಕ ಹೇಳಿಕೊಡುವುದು ಒಲಿಯಬಹುದು. ಗಂಡುಮಗನಿಗೆ ಅಡುಗೆಮನೆಯ ಕೆಲಸವೇ ಎಂದು ಮೂಗು ಮುರಿಯುವವರಿಗೆ ನನ್ನಲ್ಲಿ ಉತ್ತರವಿಲ್ಲ, ಪ್ರಸಾದನಿಲಯದಲ್ಲಿ ಕಾಳು ಹಸನು ಮಾಡಿದ ಬೆರಳುಗಳಿವೆ. ನಿದ್ದೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ನಡುರಾತ್ರಿಯವರೆಗೆ ಎಚ್ಚರವಿರುವವನಿಗೆ ಮರುದಿನ ಹಸಿವು ಹೆಚ್ಚು, ಅದರಲ್ಲಿಯೂ ಸಿಹಿಯ ಹಸಿವು.

ತಕ್ಕಡಿಯನ್ನು ವಾರಕ್ಕೊಮ್ಮೆ ಹತ್ತಿದರೆ ಸಾಕು. ಅದೇ ವಾರ, ಅದೇ ಹೊತ್ತು, ಬೆಳಿಗ್ಗೆ ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ. ನೀರಿನ ಏರಿಳಿತದಿಂದಲೇ ದಿನದಿಂದ ದಿನಕ್ಕೆ ಒಂದು ಕಿಲೋದಷ್ಟು ವ್ಯತ್ಯಾಸ ಬರುವುದರಿಂದ ದಿನವೂ ಹತ್ತುವವನಿಗೆ ಮನಶ್ಶಾಂತಿಯಿರದು. ನಾಲ್ಕು ವಾರದ ಅಂಕೆಗಳನ್ನು ಪಂಚಾಂಗದ ಬದಿಯಲ್ಲಿ ಬರೆದಿಟ್ಟು ಒಟ್ಟಿಗೆ ನೋಡಿ. ಎರಡು ಕಿಲೋ ಇಳಿದಿದ್ದರೆ ದಾರಿ ಸರಿಯಾಗಿದೆ. ನಾಲ್ಕು ಇಳಿದಿದ್ದರೆ ಹಿಗ್ಗಬೇಡಿ, ಊಟ ಹೆಚ್ಚಿಸಿ. ಏನೂ ಇಳಿಯದಿದ್ದರೆ ಮತ್ತೆ ತಟ್ಟೆಗೆ ಕೈ ಹಾಕುವ ಮೊದಲು ಅಟ್ಟದ ಡಬ್ಬಿಯ ತೂಕವನ್ನು ಒಮ್ಮೆ ನೋಡಿ.

ಸೆಪ್ಟೆಂಬರ್ ಕಳೆದು ದಂಡೆಯ ಮರಳು ಮತ್ತೆ ತೆರೆದುಕೊಂಡಾಗ ಓಟ ಶುರುವಾಗುತ್ತದೆ. ಮರಳಿನ ಮೇಲಿನ ಓಟಕ್ಕೆ ನೆಲದ ಓಟಕ್ಕಿಂತ ಹೆಚ್ಚು ಶಕ್ತಿ ಬೇಕು. ಮಳೆಗಾಲದ ಅಳತೆಯನ್ನೇ ಆಗಲೂ ಮುಂದುವರಿಸಿದರೆ ಹುಡುಗ ಒಂದೇ ತಿಂಗಳಲ್ಲಿ ಸೋಲುತ್ತಾನೆ, ಮೊಣಕಾಲು ನೋವೆನ್ನುತ್ತಾನೆ. ಆ ವಾರದಿಂದ ಬೆಳಗಿನ ತಟ್ಟೆಗೆ ಒಂದು ರೊಟ್ಟಿ, ಮಧ್ಯಾಹ್ನಕ್ಕೆ ಒಂದು ಬಟ್ಟಲು ಕಾಳು ಹೆಚ್ಚಿಸಬೇಕು. ಮೈದಾನದಿಂದ ಬಂದವನು ಪಂಚಮಿಯಲ್ಲಿ ಉಳಿದ ಉಂಡೆಯೊಂದನ್ನು ಕೇಳಿದರೆ ಆಗ ಸಂಕೋಚವಿಲ್ಲದೆ ಕೊಡಿ.